ಆಳ್ವರ ಮಿಷನ್ ಬಂದ ಮೇಲೆ

ಸರ್ವೋತ್ತಮ ಆಳ್ವರಿಗೆ ನನ್ನನ್ನು ಗೇಲಿ ಮಾಡಲು ರಾಹುಕಾಲವೊಂದು ಸಾಕಿತ್ತು. ಅರ್ಚಕರ ಮನೆತನದಲ್ಲಿ ಹುಟ್ಟಿ, ವಿಮಾ ಕಚೇರಿಯ ಕುರ್ಚಿ ಸವೆಸಿ ನಿವೃತ್ತನಾದ ನಾನು ಸ್ಕೂಟರ್ ಹೊರಡಿಸುವ ಮೊದಲು ಒಮ್ಮೆ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸುವುದು ನಿಜ. ಅದನ್ನು ನನ್ನ ಹೆಂಡತಿ ಗಿರಿಜಾ ಯಾವಾಗಲೋ ಆಳ್ವರ ಹೆಂಡತಿಗೆ ಹೇಳಿ, ಅವರು ಗಂಡನಿಗೆ ಹೇಳಿ, ಅಲ್ಲಿಗೆ ನನ್ನ ಮಾನ ಹರಾಜಾಯಿತು. “ಭಟ್ರೆ, ನಿಮ್ಮ ರಾಹು ಈಗ ಎಲ್ಲಿ ಇದ್ದಾನೆ? ನಮ್ಮ ಲಾಲ್‌ಬಾಗಿನ ಸಿಗ್ನಲ್ ದಾಟಿದನಾ?” ಎಂದು ಎಲ್ಲರೆದುರು ಕೇಳುತ್ತಿದ್ದರು. ತಾವು ಮಾತ್ರ ಯಾವುದನ್ನೂ ನಂಬದ ಮನುಷ್ಯ ಎಂದು ಎದೆ ತಟ್ಟಿ ಹೇಳುತ್ತಿದ್ದರು. “ನಾನು ಹೋಟೆಲಿನ ಒಲೆ ಹೊತ್ತಿಸ್ಲಿಕ್ಕೆ ರಾಹುಕಾಲ ನೋಡ್ತಾ ಕೂತಿದ್ದರೆ ಬೈಕಂಪಾಡಿಯ ಅರ್ಧ ಜನ ಬೆಳಗ್ಗೆ ಉಪವಾಸ.”

ಅದು ಸುಳ್ಳಲ್ಲ. ಬೈಕಂಪಾಡಿಯ ಕಾರ್ಖಾನೆಗಳ ಎದುರು ಅವರ ಹೋಟೆಲು ಬಹಳ ವರ್ಷ ನಡೆಯಿತು, ಈಗಲೂ ಮಗ ಶ್ರವಣ್ ನಡೆಸುತ್ತಿದ್ದಾನೆ. ಜಮೀನ್ದಾರಿಕೆಯ ಗುತ್ತಿನ ಮನೆಯ ಹುಡುಗ ಪರರ ಎಂಜಲು ಲೋಟ ಎತ್ತುವುದೇ ಎಂದು ಕುಟುಂಬದವರು ಮೂಗು ಮುರಿದಾಗಲೂ ಆಳ್ವರು ಜಗ್ಗಲಿಲ್ಲವಂತೆ. ಮುರಿದ ಬೆಂಚುಗಳನ್ನು ತಾವೇ ರಿಪೇರಿ ಮಾಡುತ್ತ ಅವರಿಗೆ ಮರದ ಕೆಲಸದ ಹುಚ್ಚು ಹತ್ತಿತು. ಆರಡಿ ಎತ್ತರ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲು. ಆ ಪೆನ್ಸಿಲು ಇಟ್ಟುಕೊಂಡೇ ಅವರು ಒಮ್ಮೆ ಮದುವೆ ಊಟಕ್ಕೂ ಬಂದಿದ್ದರು.

ನಾವು ಭಾನುವಾರಗಳಲ್ಲಿ ಮರಗೆಲಸಕ್ಕೆಂದು ಸೇರುವುದು ವಾಮಂಜೂರಿನಲ್ಲಿ, ಸೈಮನ್ ಲೋಬೊನ ಮನೆಯ ಹಿಂದಿನ ಶೆಡ್ಡಿನಲ್ಲಿ. ಸೈಮನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಆಳ್ವರ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅಲುಗಾಡುವ ಮೇಜಿನ ಕಾಲಿಗೆ ಒಂದು ಸಣ್ಣ ಬೆಣೆ ಕೆತ್ತಿ ಕೊಟ್ಟದ್ದೇ ಅವರ ಸ್ನೇಹದ ಆರಂಭ. ಮತ್ತೊಬ್ಬ ಆಶಿಕ್, ಬಂದರಿನಲ್ಲಿ ಹಾರ್ಡ್‌ವೇರ್ ಅಂಗಡಿಯವನು, ನಮ್ಮೆಲ್ಲರಿಗಿಂತ ಚಿಕ್ಕವನು, ಬಾಯಿ ಮಾತ್ರ ನಮ್ಮೆಲ್ಲರಿಗಿಂತ ದೊಡ್ಡದು. ನಾಲ್ಕನೆಯವನು ನಾನು. ಸೈಮನ್‌ನನ್ನು ಬಿಟ್ಟರೆ ನಾವು ಮೂವರೂ ಮರಕ್ಕೆ ಮಾಡಿದ್ದು ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನಾನು ಮಾಡಿದ ಮಣೆಯ ಮೇಲೆ ಕುಳಿತರೆ ಊಟ ಒಂದೇ ಬದಿಗೆ ಇಳಿಯುತ್ತದೆ ಎಂದು ಆಶಿಕ್ ಇವತ್ತಿಗೂ ಹೇಳುತ್ತಾನೆ.

ಆಳ್ವರ ಮಿಷನ್ನಿನ ಕಥೆ ಹುಟ್ಟಿದ್ದು ಆ ಶೆಡ್ಡಿನಲ್ಲೇ. ತಿಕ್‌ನೆಸ್ ಪ್ಲೇನರ್ ಎಂದು ಅದರ ಹೆಸರು. ಒಂದು ಬದಿಯಿಂದ ಒರಟು ಹಲಗೆ ತಳ್ಳಿದರೆ ಇನ್ನೊಂದು ಬದಿಯಿಂದ ನುಣುಪಾಗಿ, ಎಲ್ಲ ಕಡೆ ಒಂದೇ ದಪ್ಪವಾಗಿ ಹೊರಬರುತ್ತದೆ. ಕೀಸುಳಿ ಹಿಡಿದು ದಿನವಿಡೀ ಉಜ್ಜುವ ಕೆಲಸ ಅದಕ್ಕೆ ಒಂದು ಗಳಿಗೆಯದು. ಅದನ್ನು ಮೊಬೈಲಿನಲ್ಲಿ ನೋಡಿದ ದಿನವೇ ಆಳ್ವರು ತಗೊಳ್ಳುತ್ತೇನೆಂದು ಸಾರಿಬಿಟ್ಟರು. ಆಮೇಲೆ ಅದಕ್ಕಿಂತ ಒಳ್ಳೆಯದು ಬರುತ್ತದೆಂದು ಕಾದರು. ಒಳ್ಳೆಯದು ಬಂದಾಗ ಲಾಕ್‌ಡೌನ್ ಬಂತು. ಲಾಕ್‌ಡೌನ್ ಮುಗಿದಾಗ ಅವರು ಆರಿಸಿದ ಮಾಡೆಲ್ಲೇ ನಿಂತುಹೋಗಿತ್ತು. ಪುನಃ ಹುಡುಕಾಟ.

ಇಷ್ಟರಲ್ಲಿ ಅದು ನಮ್ಮ ನಡುವೆ ಒಂದು ಮಾತೇ ಆಗಿಹೋಯಿತು. ಆಗದ ಕೆಲಸಕ್ಕೆಲ್ಲ ಒಂದೇ ವಾಯಿದೆ: ಆಳ್ವರ ಮಿಷನ್ ಬಂದ ಮೇಲೆ. ನನ್ನ ಸೊಂಟದ ನೋವು ಯಾವಾಗ ಗುಣವಾಗುತ್ತದೆ? ಆಳ್ವರ ಮಿಷನ್ ಬಂದ ಮೇಲೆ. ಆಶಿಕ್ ಹೊಟ್ಟೆ ಇಳಿಸುವುದು ಯಾವಾಗ? ಆಳ್ವರ ಮಿಷನ್ ಬಂದ ಮೇಲೆ. “ವರ್ಷಗಟ್ಟಲೆ ಎಳೆದ ಪಂಪ್‌ವೆಲ್ ಫ್ಲೈಓವರೇ ಆಯಿತು ಮಾರಾಯ್ರೆ, ಇನ್ನು ನಿಮ್ಮದು ಬಾಕಿ” ಎಂದು ಆಶಿಕ್ ಹೇಳಿದ ದಿನ ಆಳ್ವರೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು. ಗೇಲಿಗೆ ಒಳಗಾಗುವುದು ಅವರಿಗೆ ಇಷ್ಟವಿತ್ತು, ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೇ.

ಕಳೆದ ವರ್ಷ ಸೈಮನ್‌ನ ಮಗಳು ಏವ್ರಿಲ್‌ಗೆ ಮದುವೆ ಗೊತ್ತಾಯಿತು. ಹುಡುಗನ ಕಡೆಯವರು ಅವಸರ ಮಾಡಿದರು, ಆಗಸ್ಟಿನಲ್ಲಿ ಹಾಲ್ ಸುಲಭವಾಗಿ ಸಿಕ್ಕಿತು. “ಎಲ್ಲ ನಿಮ್ಮ ಆಟಿಯ ಉಪಕಾರ. ನೀವು ಯಾರೂ ಮದುವೆ ಮಾಡುದಿಲ್ಲ, ಹಾಲ್ ಎಲ್ಲ ಖಾಲಿ. ನಮಗೆ ಒಳ್ಳೆದಾಯ್ತು” ಎಂದು ಸೈಮನ್ ನಗಾಡಿದ. ನಮ್ಮ ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಶುಭಕಾರ್ಯವಿಲ್ಲ, ಹೊಸತನ್ನು ಶುರು ಮಾಡುವುದಿಲ್ಲ. ಸೋಣ ತಿಂಗಳು ಹುಟ್ಟಿದ ಮೇಲೆಯೇ ಎಲ್ಲ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಸೈಮನ್‌ಗೆ ಆ ಲೆಕ್ಕವಿಲ್ಲ.

ಮಗಳ ಹೊಸ ಮನೆಗೆ ಊಟದ ಮೇಜೊಂದನ್ನು ತನ್ನ ಕೈಯಾರೆ ಮಾಡಿಕೊಡಬೇಕೆಂದು ಅವನ ಆಸೆ. ಏವ್ರಿಲ್ ಸಣ್ಣವಳಿದ್ದಾಗ ಜೋಕಾಲಿ ಕಟ್ಟುತ್ತಿದ್ದ ಅಂಗಳದ ಹಲಸಿನ ಮರ ಗಾಳಿಗೆ ಬಿದ್ದಿತ್ತು, ಅದರ ಅಗಲದ ಹಲಗೆಗಳು ಶೆಡ್ಡಿನಲ್ಲಿ ಒಣಗಿ ಸಿದ್ಧವಾಗಿದ್ದವು. ಅವನ್ನು ಬೈಕಂಪಾಡಿಯ ಮಿಲ್ಲಿಗೆ ಕೊಟ್ಟು ಸಮ ಮಾಡಿಸುತ್ತೇನೆ ಎಂದು ಅವನು ಹೊರಟಾಗ ಅಡ್ಡ ಬಂದವರು ಆಳ್ವರು. ಶ್ರವಣ್ ಅದಾಗಲೇ ಕೊಯಮತ್ತೂರಿನ ಒಬ್ಬರಿಂದ ಮಿಷನ್ ತರಿಸಲು ಹೇಳಿಯಾಗಿತ್ತು.

“ಮಿಲ್ಲಿಗೆ ಕೊಟ್ಟರೆ ನನ್ನ ಮುಖ ನೋಡ್ಬೇಡಿ. ನನ್ನ ಮಿಷನಿಗೆ ಮೊದಲು ಹೋಗುವ ಹಲಗೆ ಏವ್ರಿಲ್‌ನ ಮೇಜಿಂದು. ಆಯ್ತಾ?”

“ಮಿಷನ್ ಬರುವಾಗ ಏವ್ರಿಲ್‌ನ ಮಗಳ ಮದುವೆ ಆದೀತು” ಎಂದ ಆಶಿಕ್.

ಸೈಮನ್ ಮಾತ್ರ ಕೈ ಮುಂದೆ ಮಾಡಿ ಆಳ್ವರ ಕೈ ಕುಲುಕಿದ. ಅವನಿಗೆ ಮಾತೆಂದರೆ ಮಾತು.

ಮುಂದಿನದೆಲ್ಲ ನನಗೆ ಆಮೇಲೆ ತಿಳಿದದ್ದು. ಕೆಲವು ಆಳ್ವರ ಬಾಯಿಂದ, ಕೆಲವು ಅವರ ಹೆಂಡತಿ ಗುಣವತಿಯಕ್ಕನಿಂದ. ಮಿಷನ್ ಬಂತು. ಅದು ಉರ್ವದ ಅವರ ಮನೆಯ ಗೇಟಿನಲ್ಲಿ ಇಳಿದದ್ದು ಆಟಿ ಹುಟ್ಟಿದ ದಿನ ಬೆಳಗ್ಗೆ.

ಆಳ್ವರು ಚೂರಿ ಹುಡುಕುತ್ತ ಅಡುಗೆಮನೆಗೆ ಹೋದಾಗ ಗುಣವತಿಯಕ್ಕ, “ಇವತ್ತು ಆಟಿ ಶುರು. ಬ್ಲೇಡಿನ ಸಾಮಾನು. ಸೋಣ ಬರ್ಲಿ, ಮತ್ತೆ ತೆರೆಯಿರಿ” ಎಂದರಂತೆ.

“ಕೊಯಮತ್ತೂರಿನ ಮಿಷನಿಗೆ ತುಳು ಬರ್ತದಾ? ಅದಕ್ಕೆ ಆಟಿ ಎಲ್ಲಿಂದ ಗೊತ್ತು?” ಎಂದು ನಕ್ಕು ಆಳ್ವರು ಚೂರಿಯನ್ನು ಪೆಟ್ಟಿಗೆಯ ಟೇಪಿನ ಮೇಲೆ ಇಟ್ಟರು. ಇಟ್ಟ ಕೈ ಮುಂದೆ ಹೋಗಲಿಲ್ಲ. ಅವರ ತಾಯಿ ಆಟಿಯಲ್ಲಿ ಮನೆಗೆ ಹೊಸ ಕತ್ತಿ ತರಲು ಬಿಡುತ್ತಿರಲಿಲ್ಲವಂತೆ. ತಂದರೆ ಮೊದಲು ತಂದವನ ರಕ್ತ ನೋಡುತ್ತದೆ ಎನ್ನುತ್ತಿದ್ದರಂತೆ. ಆ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಆ ಮಾತು ಎಲ್ಲಿ ಅಡಗಿ ಕುಳಿತಿತ್ತೋ, ಆಳ್ವರು ತಮ್ಮ ಬೆರಳುಗಳನ್ನು ನೋಡಿಕೊಂಡು ಚೂರಿ ಕೆಳಗಿಟ್ಟರು. “ಮಳೆ ಜೋರುಂಟು. ಈಗ ಪ್ಯಾಕಿಂಗ್ ಬಿಚ್ಚಿದರೆ ತುಕ್ಕು ಹಿಡೀತದೆ” ಎಂದು ಹೆಂಡತಿಗೆ ಹೇಳಿದರು. ಆಕೆ ಹೌದು ಹೌದು ಎಂದು ಪೆಟ್ಟಿಗೆಗೆ ಒಂದು ಹಳೆಯ ಬೆಡ್‌ಶೀಟ್ ಹೊದೆಸಿ ಮನೆಯ ಮುಂದಿನ ಚಾವಡಿಯ ಮೂಲೆಗೆ ತಳ್ಳಿಸಿದರು.

ಹೆದರಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನಾನು ಹೇಳಿದರೆ ನಾಚಿಕೆಗೇಡು. ಹೆದರಿಕೆ ಯಾರಿಗಿಲ್ಲ? ಆದರೆ ಆ ಭಾನುವಾರ ಆಳ್ವರು ಶೆಡ್ಡಿಗೆ ಬಂದು ಇದ್ದದ್ದನ್ನು ಹೇಳಿದ್ದರೆ ಒಂದು ವಾರ ನಾವೆಲ್ಲ ಅವರ ಕಾಲೆಳೆಯುತ್ತಿದ್ದೆವು, ನಾನಂತೂ ಹಳೆಯದೆಲ್ಲ ಬಡ್ಡಿಸಮೇತ ತೀರಿಸಿಕೊಳ್ಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕೆಂದೇ ಬಂದಿದ್ದರಂತೆ. ಒಳಗೆ ಕಾಲಿಡುವಾಗ ನಾನು ಎದುರಿಗೇ ಕುಳಿತಿದ್ದೆನಂತೆ. ಆಶಿಕ್ ಎಂದಿನಂತೆ “ಎಲ್ಲಿಗೆ ಮುಟ್ಟಿತು ಆಳ್ವರೆ ಮಿಷನ್?” ಎಂದು ಕೇಳಿದ. ಆಳ್ವರು ನನ್ನ ಮುಖ ನೋಡಿದರು.

“ಕೊಯಮತ್ತೂರು ಬಿಟ್ಟಿದೆಯಂತೆ” ಎಂದರು.

ಆ ಒಂದು ಮಾತಿನ ಮೇಲೆ ಆಶಿಕ್ ಒಂದು ಲಾರಿಯನ್ನೇ ಓಡಿಸಿದ. ಗಳಿಗೆಗೊಂದು ಊರಿನಲ್ಲಿ ಮಿಷನ್ ತಂಗುತ್ತಿತ್ತು. ಪಾಲಕ್ಕಾಡಿನಲ್ಲಿ ಚಹಾ ಕುಡಿಯಲು ನಿಂತಿದೆ. ಕಣ್ಣೂರಿನಲ್ಲಿ ಸಂಬಂಧಿಕರ ಮನೆಗೆ ಹೋಗಿದೆ, ಬಿರಿಯಾನಿ ತಿನ್ನದೆ ಬಿಡುವುದಿಲ್ಲವಂತೆ. ತಲಪಾಡಿ ಟೋಲಿನಲ್ಲಿ ಚಿಲ್ಲರೆ ಇಲ್ಲದೆ ನಿಂತಿದೆ. ನಾವು ಹೊಟ್ಟೆ ಹಿಡಿದು ನಕ್ಕೆವು. ಆಳ್ವರೂ ನಕ್ಕರು. ಅವರ ನಗು ಸ್ವಲ್ಪ ತಡವಾಗಿ ಬರುತ್ತಿದೆ ಎಂದು ನನಗೆ ಅನಿಸಿತ್ತು, ಕಿವಿ ಮಂದವಾಗುತ್ತಿದೆಯೇನೋ ಅಂದುಕೊಂಡೆ. ಅವರು ಶೆಡ್ಡಿನಿಂದ ಬೇಗ ಹೊರಡಲೂ ಶುರು ಮಾಡಿದ್ದರು. ಆಟಿ ಅಮಾವಾಸ್ಯೆಯಂದು ಮಾತ್ರ ಊರಿನ ವಾಡಿಕೆಯಂತೆ ಹಾಲೆ ಮರದ ತೊಗಟೆಯ ಕಷಾಯ ಕುಡಿದು ಬಂದು, “ಅದು ಔಷಧ. ನಂಬಿಕೆಗೆ ಸಂಬಂಧ ಇಲ್ಲ” ಎಂದು ಯಾರೂ ಕೇಳದೆಯೇ ನನಗೆ ವಿವರಿಸಿದರು.

ಸೈಮನ್ ಕಾಯುತ್ತಿದ್ದ. ಮಳೆಗಾಲದಲ್ಲಿ ಪಾಲಿಶ್ ಒಣಗಲು ದಿನ ಹಿಡಿಯುತ್ತದೆ, ಹಲಗೆ ಬೇಗ ಸಮವಾಗಬೇಕು. ಮದುವೆಯ ಆಮಂತ್ರಣ ಪತ್ರ ಕೊಡಲು ಅವನು ಉರ್ವಕ್ಕೆ ಬಂದ ದಿನ ಏನಾಯಿತೆಂದು ಗುಣವತಿಯಕ್ಕ ನನಗೆ ಹೇಳಿದ್ದಾರೆ. ಹೇಳುವಾಗ ಅವರಿಗೆ ಅಳು ಬಂದಿತ್ತು.

ಹೊರಗೆ ಮಳೆ, ಚಾವಡಿಯ ಕುರ್ಚಿಗಳ ಮೇಲೆಲ್ಲ ಒಣಗದ ಬಟ್ಟೆ. ಆಳ್ವರು ಬಟ್ಟೆ ತೆಗೆಯುವಷ್ಟರಲ್ಲಿ ಸೈಮನ್ “ಇರ್ಲಿ ಇರ್ಲಿ” ಎಂದು ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದಿದ್ದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ. ಪತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ತಂದಿದ್ದ. ನಿಮ್ಮ ಕಡೆ ಹೀಗೆ ಕೊಡಬೇಕಲ್ಲ ಎಂದ. ಆಮೇಲೆ ಬಲಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಕೇಳಿದ.

“ಮಿಷನ್ ಈಗ ಎಲ್ಲಿ ಉಂಟು ಆಳ್ವರೆ? ತಮಾಷೆ ಅಲ್ಲ, ಸತ್ಯ ಹೇಳಿ.”

ಮಿಷನ್ನಿನ ಮೇಲೆಯೇ ಕುಳಿತು ಕೇಳುತ್ತಿದ್ದ. ಆಳ್ವರು ಪತ್ರ ಬಿಡಿಸಿ ಓದುವ ಹಾಗೆ ಮಾಡಿದರು. ಸೈಮನ್ ಮುಂದುವರಿಸಿದ.

“ಒಂದು ಹಲಗೆ ಕೀಸುಳಿಯಲ್ಲಿ ಉಜ್ಜಿ ನೋಡಿದೆ. ಹಲಸು ಒಣಗಿ ಕಲ್ಲಾಗಿದೆ. ಭುಜ ಹಿಡೀತದೆ. ನೀವು ಬೇಸರ ಮಾಡ್ಲಿಕ್ಕಿಲ್ಲ ಅಂತಾದ್ರೆ ಮಿಲ್ಲಿಗೆ ಕೊಡ್ತೇನೆ.”

ಕೊಡಿ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಎರಡೇ ಅಕ್ಷರ. ಅದನ್ನೂ ಹೇಳಲಿಲ್ಲ ಆ ಮನುಷ್ಯ. ಕೊಟ್ಟ ಮಾತು ಉಳಿಸಿಕೊಳ್ಳುವ ಆಸೆ ಅವರಿಗೆ ಹೋಗಿರಲಿಲ್ಲ. ನಾಳೆ ಬೆಳಗ್ಗೆ ಎದ್ದು ತೆರೆದೇ ಬಿಡುತ್ತೇನೆ ಎಂದು ಆ ಕ್ಷಣಕ್ಕೆ ನಿಜವಾಗಿಯೂ ನಿರ್ಧಾರ ಮಾಡಿದ್ದರಂತೆ. “ಇನ್ನೊಂದು ವಾರ ನೋಡುವ ಸೈಮನ್. ಖಂಡಿತ ಬರ್ತದೆ” ಎಂದರು. ಸೈಮನ್ ತಲೆಯಾಡಿಸಿ, ಚಹಾ ಮುಗಿಸಿ, ಖಾಲಿ ಕಪ್ಪನ್ನು ಅದೇ ಪೆಟ್ಟಿಗೆಯ ಮೇಲಿಟ್ಟು ಹೋದ.

ಬಾಗಿಲು ಹಾಕಿ ಬಂದ ಗುಣವತಿಯಕ್ಕ, “ತೆರೆಯಬೇಡಿ ಅಂತ ನಾನು ಹೇಳಿದ್ದು ಹೌದು. ಸುಳ್ಳು ಹೇಳಿ ಅಂತ ಹೇಳಿದ್ದೇನಾ?” ಎಂದು ಕೇಳಿದರು. ಆಳ್ವರು ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಚೂರಿ ಹಿಡಿದು ಪೆಟ್ಟಿಗೆಯ ಎದುರು ನಿಂತರು. ಬೆಡ್‌ಶೀಟಿನ ಮೇಲೆ ಕಪ್ಪಿನ ಗುರುತು ದುಂಡಗೆ ಉಳಿದಿತ್ತು. ಅದನ್ನು ನೋಡಿ, ಚೂರಿಯನ್ನು ಪುನಃ ಅಡುಗೆಮನೆಯಲ್ಲಿಟ್ಟು, ಹೋಟೆಲಿಗೆ ಹೋಗಿ ದುಡ್ಡಿನ ಗಲ್ಲಾದಲ್ಲಿ ಕುಳಿತರು.

ಮುಂದಿನ ಭಾನುವಾರ ಮಿಷನ್ ಊರ ಹತ್ತಿರದ ತೊಕ್ಕೊಟ್ಟಿನವರೆಗೆ ಬಂದಿತ್ತು, ಆಶಿಕ್‌ನ ಲೆಕ್ಕದಲ್ಲಿ. ಸೈಮನ್ ನಗಲಿಲ್ಲ. ಅವನು ನಮ್ಮ ಜೊತೆ ಸೇರದೆ ಬೆಂಚಿಗೆ ಹಲಗೆ ಬಿಗಿದು ಕೀಸುಳಿ ತಳ್ಳುತ್ತಿದ್ದ. ಬನಿಯನ್ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮಿಲ್ಲಿಗೆ ಕೊಡು ಮಾರಾಯ ಎಂದು ನಾನು ಹೇಳಿದೆ. ಆಳ್ವರಿಗೆ ಮಾತು ಕೊಟ್ಟಿದ್ದೇನೆ, ಮಿಷನ್ ಬರದಿದ್ದರೆ ಕೈಯಲ್ಲೇ ಆಗಲಿ ಎಂದ. ಆಳ್ವರು ಎದ್ದು ಹೊರಗೆ ಹೋಗಿ ತೆಂಗಿನ ಮರದ ಬುಡದಲ್ಲಿ ನಿಂತಿದ್ದರು. ನಮಗೆ ಕೇಳಿಸಿದ್ದು ಕೀಸುಳಿ ನೆಲಕ್ಕೆ ಬಿದ್ದ ಸದ್ದು. ತಿರುಗಿ ನೋಡಿದರೆ ಸೈಮನ್ ಬೆಂಚನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ, ಬಲಗೈ ಬೇರೆ ಯಾರದೋ ಎಂಬ ಹಾಗೆ ಜೋತುಬಿದ್ದಿತ್ತು. ಅವನು ಕೂಗಲಿಲ್ಲ. “ಎಂತದೋ ಕಡಿದ ಹಾಗೆ ಆಯ್ತು” ಎಂದ ಅಷ್ಟೇ.

ಭುಜದ ಸ್ನಾಯು ಹರಿದಿತ್ತು. ಮೊದಲೇ ಸವೆದಿದ್ದದ್ದು, ಈಗ ಪೂರ್ತಿ ಹೋಯಿತು ಎಂದರು ಡಾಕ್ಟರರು. ಈ ವಯಸ್ಸಿನಲ್ಲಿ ಹೊಲಿದರೂ ಭರವಸೆಯಿಲ್ಲ, ಬಟ್ಟೆ ಹಾಕಿಕೊಳ್ಳುವಷ್ಟು, ಊಟ ಮಾಡುವಷ್ಟು ಕೈ ಬರಬಹುದು, ಕೀಸುಳಿ ಹಿಡಿಯುವುದು ಮರೆತುಬಿಡಿ. ಆಸ್ಪತ್ರೆಯ ವರಾಂಡದಲ್ಲಿ ನಾನೂ ಆಳ್ವರೂ ಒಟ್ಟಿಗೇ ಅದನ್ನು ಕೇಳಿದೆವು. ಆಳ್ವರು ಗೋಡೆಗೆ ಒರಗಿದರು. ಗೆಳೆಯನ ನೋವಿಗೆ ಮನುಷ್ಯ ಇಷ್ಟು ಕುಸಿಯುತ್ತಾನಲ್ಲ ಎಂದು ನನಗೆ ಅವರ ಮೇಲೆ ಗೌರವ ಉಕ್ಕಿತು. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಹಲಗೆಗಳನ್ನು ಆಶಿಕ್ ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಮಿಲ್ಲಿನಲ್ಲಿ ಸಮ ಮಾಡಿಸಿದ. ಉಳಿದದ್ದನ್ನು ನಾವು ಮೂವರು ಸೈಮನ್ ಹೇಳಿದ ಹಾಗೆ ಜೋಡಿಸಿದೆವು. ಮೇಜು ಆಯಿತು, ಒಂದು ಮೂಲೆಯಲ್ಲಿ ನನ್ನ ಕೈಗುಣ ಕಾಣುತ್ತದೆ. ಸೈಮನ್ ಸ್ಟೂಲಿನ ಮೇಲೆ ಕುಳಿತು ಬಾಯಲ್ಲೇ ಹೇಳಿಕೊಟ್ಟ. ನಡುನಡುವೆ ಬಲಗೈ ತಾನಾಗಿ ಎದ್ದು ಹೇಗೆ ಹಿಡಿಯಬೇಕೆಂದು ತೋರಿಸಲು ಹೋಗಿ ಅರ್ಧದಲ್ಲಿ ನಿಲ್ಲುತ್ತಿತ್ತು.

ಮದುವೆಯಲ್ಲಿ ಏವ್ರಿಲ್ ಅಪ್ಪನ ಎಡಗೈ ಹಿಡಿದು ಇಗರ್ಜಿಯೊಳಗೆ ನಡೆದು ಬಂದಳು. ಹಾಲ್‌ನಲ್ಲಿ ವಧೂವರರಿಗೆ ಹಾರೈಸಿ ಟೋಸ್ಟ್ ಎತ್ತುವಾಗ ಸೈಮನ್ ಗ್ಲಾಸನ್ನು ಎಡಗೈಯಲ್ಲಿ ಎತ್ತಿ, “ಮೇಜು ನಾನೇ ಮಾಡ್ಬೇಕು ಅಂತಿದ್ದೆ. ಆದ್ರೆ ಆಳ್ವರ ಮಿಷನ್ ತೊಕ್ಕೊಟ್ಟಿನಲ್ಲಿ ಸಿಕ್ಕಿಬಿದ್ದಿದೆ” ಎಂದು ಮೈಕಿನಲ್ಲಿ ಹೇಳಿದ. ಹಾಲ್ ತುಂಬ ನಗು. ಆಳ್ವರು ಕೈ ತೊಳೆಯುವ ಕಡೆ ಎದ್ದು ಹೋದರು. ನಾನು ಹುಡುಕಿಕೊಂಡು ಹೋದಾಗ ನಲ್ಲಿ ಬಿಟ್ಟುಕೊಂಡು ಒಣ ಕೈಯಲ್ಲಿ ನಿಂತಿದ್ದರು.

ಮದುವೆ ಕಳೆದು ಕೆಲವೇ ದಿನ, ಸೋಣ ಹುಟ್ಟಿತು. ಆ ಭಾನುವಾರ ಆಳ್ವರು ಮಿಷನ್ ಬಂದಿದೆ ಎಂದು ಎಲ್ಲರಿಗೂ ಫೋನ್ ಮಾಡಿದರು. ಟೆಂಪೋದಲ್ಲಿ ಪೆಟ್ಟಿಗೆಯನ್ನು ವಾಮಂಜೂರಿಗೆ ತಂದರು. ಜೊತೆಗೆ ಗುಣವತಿಯಕ್ಕನೂ ಬಂದರು, ಕೈಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ, ಹೂವು. ಆಳ್ವರು ನನ್ನ ಹತ್ತಿರ ಬಂದು, ಬೇರೆ ಕಡೆ ನೋಡುತ್ತ, “ಭಟ್ರೆ, ಒಂದು ಕಾಯಿ ಒಡೆಯಿರಿ” ಎಂದರು.

“ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದಾ?” ಎಂದ ಆಶಿಕ್.

ನಾನು ಕಾಯಿ ಒಡೆದೆ. ಒಡೆಯುವಾಗಲೇ ನನಗೆ ಒಂದು ಸಂಶಯ ಮೂಡಿತು. ಸೋಣ ಹುಟ್ಟಿದ ಬೆನ್ನಿಗೇ ಬಂದಿಳಿಯುವಷ್ಟು ಪಂಚಾಂಗ ಕಲಿತ ಲಾರಿಯನ್ನು ನಾನು ಕಂಡಿಲ್ಲ. ಕಾಯಿಯ ಹೋಳುಗಳನ್ನು ಪೆಟ್ಟಿಗೆಯ ಎದುರಿಟ್ಟೆ.

ಮಿಷನ್ನನ್ನು ಹೊರತೆಗೆದು ಬೆಂಚಿನ ಮೇಲೆ ಕೂರಿಸಿದೆವು. ಹಸಿರು ಬಣ್ಣ, ಎಣ್ಣೆಯ ವಾಸನೆ. ಆಶಿಕ್‌ಗೆ ಹಬ್ಬ. ತೊಕ್ಕೊಟ್ಟಿನಿಂದ ವಾಮಂಜೂರಿಗೆ ನಡೆದುಕೊಂಡೇ ಬಂದಿದೆ, ಪಾದ ತೊಳೆಯಿರಿ ಎಂದ. ಇನ್ನು ನನ್ನ ಸೊಂಟ, ತನ್ನ ಹೊಟ್ಟೆ ಎಲ್ಲ ಸರಿಯಾಗಲೇಬೇಕು, ಯಾರಿಗೂ ನೆಪವಿಲ್ಲ ಎಂದ. ಸೈಮನ್ ಮೇಜಿಗೆ ಬೇಡವಾಗಿ ಉಳಿದ ಒಂದು ಹಲಸಿನ ಹಲಗೆಯನ್ನು ಗೋಡೆಯಿಂದ ಎಡಗೈಯಲ್ಲಿ ಎಳೆದು ತಂದ. ಮೊದಲ ಹಲಗೆ ತನ್ನದು, ಮಾತು ಮಾತೇ ಎಂದ. ಮಿಷನ್ನಿನ ತಲೆ ಸವರುತ್ತ ನಗುನಗುತ್ತ ಹೇಳಿದ.

“ಬಂತಲ್ಲ, ನನ್ನ ಕೈ ಹೋದ ಮೇಲೆ.”

ತಮಾಷೆಗೆ ಹೇಳಿದ್ದು. ನಾವು ನಕ್ಕದ್ದೂ ಹೌದು. ಆಳ್ವರು ಕೈಯಲ್ಲಿದ್ದ ವಯರನ್ನು ಪ್ಲಗ್ಗಿಗೆ ಹಾಕದೆ ನಿಂತರು.

“ಮಿಷನ್ ಆಟಿ ಹುಟ್ಟಿದ ದಿನವೇ ಬಂದಿತ್ತು. ಇಷ್ಟು ದಿನ ನನ್ನ ಚಾವಡಿಯಲ್ಲಿ ಇತ್ತು” ಎಂದರು.

ಆಶಿಕ್ ಬೆಂಚಿಗೆ ಕೈಯಿಂದ ಬಡಿದು ಬಡಿದು ನಕ್ಕ. ಸೈಮನ್‌ಗೆ ನಗು ತಡೆಯಲಾಗದೆ ಭುಜ ನೋಯಿತು, ನೋವಿನಲ್ಲೂ ನಕ್ಕ. ಇಷ್ಟು ವರ್ಷದಲ್ಲಿ ಆಳ್ವರು ಹೇಳಿದ ಮೊದಲ ಒಳ್ಳೆಯ ಜೋಕ್ ಇದು ಎಂದ. ಆಳ್ವರು ಪುನಃ ಹೇಳಿದರು, ಹೆದರಿದೆ, ತೆರೆಯಲು ಧೈರ್ಯ ಬರಲಿಲ್ಲ, ಭಟ್ಟರ ಎದುರು ನಾಚಿಕೆಯಾಯಿತು, ಸುಳ್ಳು ಹೇಳಿದೆ. ಅವರು ಹೇಳಿದಷ್ಟೂ ಇವರಿಗೆ ನಗು ಹೆಚ್ಚಾಯಿತು. “ಅಯ್ಯೋ ಮಾರಾಯ್ರೆ, ಆಳ್ವರಿಗೆ ಆಟಿಯ ಹೆದರಿಕೆ” ಎಂದು ಆಶಿಕ್ ಕಣ್ಣೊರೆಸಿಕೊಂಡ. ನನಗೆ ನಗು ಬರಲಿಲ್ಲ. ನಾನು ಆಳ್ವರ ಮುಖ ನೋಡುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ನಿಜ ಹೇಳಲು ಜಾಗವೇ ಇಲ್ಲದ ಹಾಗೆ ನಾವು ತಮಾಷೆ ಮಾಡಿಟ್ಟಿದ್ದೆವು.

“ಹೌದು ಸೈಮನಣ್ಣ.” ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುತ್ತಿದ್ದ ಗುಣವತಿಯಕ್ಕ ತಲೆ ಎತ್ತದೆ ಹೇಳಿದರು. “ಅವತ್ತು ನೀವು ಕಾಗದ ಕೊಡ್ಲಿಕ್ಕೆ ಬಂದಾಗ ಕೂತದ್ದು ಇದರ ಮೇಲೆಯೇ.”

ನಗು ನಿಂತಿತು. ಆಶಿಕ್ ಎಲ್ಲಿ ನೋಡಬೇಕೆಂದು ತಿಳಿಯದೆ ಹೊರಗಿನ ಗದ್ದೆಯ ಕಡೆ ನೋಡಿದ. ಸೈಮನ್ ಖಾಲಿ ಪೆಟ್ಟಿಗೆಯನ್ನು ನೋಡಿದ, ಅದರ ಅಳತೆಯನ್ನು ಕಣ್ಣಿನಲ್ಲೇ ತೆಗೆಯುವ ಹಾಗೆ. ಅವನಿಗೆ ನೆನಪಾಗುತ್ತಿದೆ ಎಂದು ನಮಗೆಲ್ಲ ಗೊತ್ತಾಯಿತು. ಅವನು ಬೈಯಲಿ ಎಂದು ನಾನೂ ಬಯಸಿದೆ. ಆಳ್ವರು ಅದಕ್ಕಾಗಿಯೇ ಕಾದು ನಿಂತಿದ್ದರು.

“ನೀವು ಆಟಿಯಲ್ಲಿ ತೆರೆಯಬಾರದು, ಸರಿ” ಎಂದ ಸೈಮನ್. ದನಿಯಲ್ಲಿ ಸಿಟ್ಟಿರಲಿಲ್ಲ, ಜೋಡಣೆಯಲ್ಲಿ ತಪ್ಪು ಎಲ್ಲಾಯಿತೆಂದು ಹುಡುಕುವಾಗ ಅವನು ಮಾತಾಡುವುದೇ ಹೀಗೆ. “ನನಗೆ ಎಲ್ಲಿ ಆಟಿ, ಆಳ್ವರೆ? ಒಂದು ಮಾತು ಹೇಳಿದ್ದರೆ ನಾನೇ ತೆರೆಯುತ್ತಿದ್ದೆ.”

ಗುಣವತಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. “ನನಗೂ ಹೊಳೆಯಲಿಲ್ಲ ಸೈಮನಣ್ಣ, ನನಗೂ ಹೊಳೆಯಲಿಲ್ಲ” ಎಂದರು. ಮಗಳ ಮದುವೆಯನ್ನೇ ಆಟಿಯಲ್ಲಿ ಇಟ್ಟುಕೊಂಡವನು, ಅದೇ ಪೆಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿದವನು. ಅವನ ಕೈಗೆ ಒಂದು ಚೂರಿ ಕೊಟ್ಟಿದ್ದರೆ ಸಾಕಿತ್ತು.

ಆಳ್ವರು ಕುಸಿದು ಆ ಖಾಲಿ ಪೆಟ್ಟಿಗೆಯ ಮೇಲೆಯೇ ಕುಳಿತರು. ಅವರ ಭಾರಕ್ಕೆ ಅದು ಒಂದು ಬದಿಗೆ ಕುಗ್ಗಿತು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನೇ ನೋಡುತ್ತಿದ್ದರು. ಎಲ್ಲ ಬೆರಳುಗಳೂ ನೆಟ್ಟಗೆ ಇದ್ದವು. “ಬೈಯಿರಿ ಸೈಮನ್. ಎಂತಾದ್ರೂ ಹೇಳಿ” ಎಂದರು.

ಸೈಮನ್ ಬಾಗಿ ನೆಲದಲ್ಲಿದ್ದ ವಯರನ್ನು ಎತ್ತಿ ಪ್ಲಗ್ಗಿಗೆ ಸಿಕ್ಕಿಸಿದ. ಆಮೇಲೆ ಹಲಸಿನ ಹಲಗೆಯ ಒಂದು ತುದಿಯನ್ನು ಎಡಗೈಯಿಂದ ಬೆಂಚಿನ ಮಟ್ಟಕ್ಕೆ ಎತ್ತಲು ನೋಡಿದ. ಇನ್ನೊಂದು ತುದಿ ನೆಲದಲ್ಲೇ ಉಳಿಯಿತು.

“ಏಳಿ, ಆಚೆ ಬದಿ ಹಿಡಿಯಿರಿ” ಎಂದ. “ಒಂದು ಕೈಯಲ್ಲಿ ನನಗೆ ಆಗುದಿಲ್ಲ.”

ಆಳ್ವರು ಎದ್ದು ಹಿಡಿದರು.